ಏಳನೇ ವಾರ್ಡಿನಿಂದ ಹೋದವರು

ಮಧ್ಯಾಹ್ನ ಮೂರಕ್ಕೆ ಸಭೆ. ಆ ಸಭೆಯಲ್ಲಿ ಏಳನೇ ವಾರ್ಡಿನ ಹೆಡ್ ಸಿಸ್ಟರನ್ನು ವಾರ್ಡಿನಿಂದ ತೆಗೆಯುವುದೆಂದು ಆಗಲೇ ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ತೆಗೆಯುವುದಕ್ಕೆ ಆಧಾರವಾದ ಹನ್ನೊಂದು ಪುಟಗಳ ವರದಿ ಬರೆದವಳು ಹೆಡ್ ಸಿಸ್ಟರಿನ ಒಡಹುಟ್ಟಿದ ತಂಗಿ. ಬೆಳಿಗ್ಗೆ ಒಂಬತ್ತೂವರೆಗೆ, ಆ ವರದಿಯ ಆರು ಪ್ರತಿಗಳನ್ನು ಎದೆಗೆ ಅವುಚಿಕೊಂಡು ಹೊರರೋಗಿ ವಿಭಾಗದ ಜನಜಂಗುಳಿಯಲ್ಲಿ ಆ ತಂಗಿ ದಾರಿ ಮಾಡಿಕೊಂಡು ಹೋಗುತ್ತಿದ್ದಳು.

ಅವಳನ್ನು ಆಸ್ಪತ್ರೆಯವರು ಬೆನ್ನ ಹಿಂದೆ ‘ಸರಾಸರಿ’ ಎಂದು ಕರೆಯುತ್ತಿದ್ದರು. ಎದುರಿಗೆ ಕರೆದರೂ ಬೇಸರ ಮಾಡಿಕೊಳ್ಳುವವಳಲ್ಲ. ಕ್ಯಾಂಟೀನಿನ ಕಾಫಿ ಹೇಗಿದೆ ಎಂದು ಕೇಳಿದರೆ ‘ಈ ತಿಂಗಳ ಸರಾಸರಿಗಿಂತ ವಾಸಿ’ ಎನ್ನುವವಳಿಗೆ ಜನ ಇನ್ನೇನು ಹೆಸರಿಡುತ್ತಾರೆ? ಇನ್ನು ಅವಳ ಅಕ್ಕ ಇಡೀ ಆಸ್ಪತ್ರೆಗೇ ‘ಸಿಸ್ಟರ್’. ನಿಜವಾಗಿಯೂ ಸಿಸ್ಟರ್ ಆಗಬೇಕಾದ ಇವಳೊಬ್ಬಳಿಗೆ ಮಾತ್ರ ‘ಅಕ್ಕ’. ಈ ಸವಕಲು ಜೋಕಿಗೆ ಅಲ್ಲಿ ಈಗಲೂ ನಗುವವರಿದ್ದಾರೆ.

ಸರಾಸರಿಯ ಕೆಲಸ ಹೇಳುವುದಕ್ಕೆ ಸುಲಭ. ವಾರ್ಡಿನಲ್ಲಿ ರೋಗಿಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು ಎನ್ನುವುದನ್ನು ಒಂದು ಕಡೆ ಬರೆದುಕೊಳ್ಳುವುದು, ಮೂವತ್ತನೇ ದಿನಕ್ಕೆ ಆ ರೋಗಿ ಬದುಕಿದ್ದಾನೋ ಇಲ್ಲವೋ ಎನ್ನುವುದನ್ನು ಇನ್ನೊಂದು ಕಡೆ ಬರೆದುಕೊಳ್ಳುವುದು, ಇವೆರಡಕ್ಕೂ ಏನು ನಂಟು ಎಂದು ಹುಡುಕುವುದು. ಎದೆಯ ಸೋಂಕಿನ ರೋಗಿಗಳನ್ನು ನೋಡುವ ವಾರ್ಡುಗಳು ಅಲ್ಲಿ ಎಂಟು. ಬಂದ ಒಂದು ಗಂಟೆಯೊಳಗೆ ಮೊದಲ ಇಂಜೆಕ್ಷನ್ ಬಿತ್ತೇ, ನಾಲ್ಕು ಗಂಟೆಗೊಮ್ಮೆ ರಕ್ತದ ಆಮ್ಲಜನಕ ನೋಡಿದರೇ, ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿದರೇ, ಒಂದೊಂದಕ್ಕೂ ಒಂದು ಟಿಕ್, ಟಿಕ್ಕಿಗೆ ಅಂಕ. ಕಷ್ಟದ ಭಾಗ ಬರುವುದು ಆಮೇಲೆ. ಮೂತ್ರಪಿಂಡ ಕೆಟ್ಟ ಎಂಬತ್ತೈದರ ಮುದುಕನನ್ನೂ ಇಪ್ಪತ್ತೈದರ ಗಟ್ಟಿ ಆಳನ್ನೂ ಒಂದೇ ತಕ್ಕಡಿಗೆ ಹಾಕಿ, ಯಾವ ವಾರ್ಡಿನಲ್ಲಿ ಸಾವು ಹೆಚ್ಚು ಎಂದು ಕೂಗಿದರೆ ಅದು ಅನ್ಯಾಯ. ಅದಕ್ಕೇ ಪ್ರತಿಯೊಬ್ಬರ ವಯಸ್ಸು, ಉಸಿರಾಟ, ರಕ್ತದೊತ್ತಡ, ಹಳೆಯ ಕಾಯಿಲೆ ಎಲ್ಲವನ್ನೂ ಹಿಡಿದು, ಬಂದ ದಿನ ಇವರಿಗೆ ಸಾಯುವ ಸಂಭವ ಎಷ್ಟಿತ್ತು ಎಂದು ಅಂದಾಜು ಮಾಡುತ್ತಾರೆ. ಅವನ್ನೆಲ್ಲ ಕೂಡಿದರೆ ಆ ವಾರ್ಡಿನಲ್ಲಿ ಇಷ್ಟು ಸಾವು ಆಗಬಹುದಿತ್ತು ಎಂಬ ಒಂದು ಸಂಖ್ಯೆ ಸಿಗುತ್ತದೆ. ನಿಜವಾಗಿ ಸತ್ತವರ ಸಂಖ್ಯೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಏಳನೇ ವಾರ್ಡಿನಲ್ಲಿ ಕಳೆದ ವರ್ಷದ ಅಂದಾಜು ಐವತ್ತೆರಡು. ಅದೃಷ್ಟದ ಏರುಪೇರಿಗೆಂದು ಎಷ್ಟೇ ಧಾರಾಳವಾಗಿ ಬಿಟ್ಟುಕೊಟ್ಟರೂ ಅರವತ್ತೈದು ದಾಟಬಾರದು. ಪಟ್ಟಿಯಲ್ಲಿ ಸತ್ತವರು ಎಂಬತ್ತೈದು ಜನ.

ಇಷ್ಟೇ ಆಗಿದ್ದರೆ ಯಾವುದೋ ಒಂದು ಕೆಟ್ಟ ವರ್ಷ ಎನ್ನಬಹುದಿತ್ತು. ಆದರೆ ಆರೈಕೆಯ ಅಂಕದಲ್ಲಿ ಎಂಟು ವಾರ್ಡುಗಳಿಗೂ ಏಳನೆಯದೇ ಮೊದಲು. ಉಳಿದ ಕಡೆಯೆಲ್ಲ ಆರೈಕೆ ಹೆಚ್ಚಿದ ಹಾಗೆ ಸಾವು ಕಡಿಮೆಯಾಗಿ ಗ್ರಾಫಿನ ಗೆರೆ ಇಳಿಜಾರಾಗಿ ಬರುತ್ತಿತ್ತು. ಇಲ್ಲಿ ಗೆರೆ ಮೇಲಕ್ಕೆ ಹತ್ತುತ್ತಿತ್ತು. ಹೆಚ್ಚು ನೋಡಿಕೊಂಡವರೇ ಹೆಚ್ಚು ಸತ್ತಿದ್ದರು. ಸರಾಸರಿ ಮೂರು ಸಲ ಲೆಕ್ಕ ಮಾಡಿದಳು, ಮೂರು ಸಲವೂ ಗೆರೆ ಹತ್ತಿತು.

ಮೂರು ವಾರದ ಹಿಂದೆ ನಿರ್ದೇಶಕರು ಆ ಗೆರೆಯನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಜೋರಾಗಿ ಮಾತಾಡುವ ಮನುಷ್ಯ ಅಲ್ಲ, ಅದಕ್ಕೇ ಎಲ್ಲರಿಗೂ ಅವರೆಂದರೆ ಭಯ.

“ಇದಕ್ಕೆ ಒಂದೇ ಅರ್ಥ ಇರೋದು. ಮಾಡದೇ ಇರೋ ಕೆಲಸಕ್ಕೆ ಟಿಕ್ ಹಾಕ್ತಿದ್ದಾರೆ. ಕಾಗದದ ಮೇಲೆ ಮಗ್ಗುಲು ಬದಲಾಗಿದೆ, ಮಂಚದ ಮೇಲೆ ಬದಲಾಗಿಲ್ಲ.”

“ಅಕ್ಕ ಹಾಗೆ ಮಾಡೋಳಲ್ಲ ಸಾರ್.”

“ಅಕ್ಕ ಅಂತ ಗೊತ್ತಿದ್ದೇ ಕೇಳ್ತಿದೀನಿ. ಈ ಕೆಲಸ ಬೇರೆಯವರಿಗೆ ಕೊಡ್ಲಾ?”

ಬೇರೆಯವರು ಬಂದರೆ ಅಂದಾಜಿನ ಗೊಡವೆಗೇ ಹೋಗದೆ ಎಂಬತ್ತೈದು ಹೆಣ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ ಎಂದು ಸರಾಸರಿಗೆ ಗೊತ್ತಿತ್ತು. ಬೇಡ ಸಾರ್, ನಾನೇ ಮಾಡ್ತೀನಿ ಅಂದಳು. ನಿರ್ದೇಶಕರು ಒಂದು ಷರತ್ತು ಹಾಕಿದರು. ಸಭೆ ಮುಗಿಯುವವರೆಗೆ ಈ ವಿಷಯವಾಗಿ ಅಕ್ಕನ ಹತ್ತಿರ ಒಂದು ಮಾತೂ ಆಡಬಾರದು. ಆಡಿದರೆ ವರದಿಗೂ ಬೆಲೆ ಇಲ್ಲ, ಅವಳಿಗೂ ಇಲ್ಲ. ಸರಾಸರಿ ಒಪ್ಪಿಕೊಂಡಳು.

ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ ಮಾಡುವುದು ಹದಿನೈದು ವರ್ಷದ ರೂಢಿ. ಮೊದಲ ಭಾನುವಾರ ಹೋಗಿ, ತಟ್ಟೆ ನೋಡಿಕೊಂಡು ಉಂಡು, ತಲೆನೋವು ಎಂದು ಎದ್ದು ಬಂದಳು. ಎರಡನೆಯ ಭಾನುವಾರ ಕೆಲಸ ಎಂದಳು. ಮೂರನೆಯ ಭಾನುವಾರ ಫೋನನ್ನೇ ಎತ್ತಲಿಲ್ಲ. ಅಪ್ಪ ಸತ್ತ ಮೇಲೆ ಇವಳನ್ನು ಸಾಕಿದ್ದು, ಓದಿಸಿದ್ದು, ಇವಳ ತಲೆಗೆ ಎಣ್ಣೆ ಒತ್ತಿದ್ದು ಎಲ್ಲ ಆ ಅಕ್ಕ. ಇಪ್ಪತ್ತಾರು ವರ್ಷದಿಂದ ಅದೇ ವಾರ್ಡಿನಲ್ಲಿರುವ ಅವಳನ್ನು ಈಗ ಸುಳ್ಳು ಬರೆಯುವವಳು ಎಂದು ಹೇಳಿ ಹೊರಗೆ ಹಾಕುತ್ತಾರೆ.

ಇದನ್ನೇ ಯೋಚಿಸುತ್ತಾ ಸರಾಸರಿ ಹೊರರೋಗಿ ವಿಭಾಗದ ಕೌಂಟರ್ ದಾಟುತ್ತಿದ್ದಾಗ, ಒಳಗೆ ಕುಳಿತ ಹೆಂಗಸು ಚೀಟಿ ನೋಡಿ ಕೂಗಿದಳು.

“ಮೂರು ಎಂಟು ಸೊನ್ನೆ ಆರು! ಯಾರ್ರೀ ಅದು?”

ಸರಾಸರಿ ನಿಂತುಬಿಟ್ಟಳು. ಆ ರೋಗಿಯ ನಂಬರು ಅವಳಿಗೆ ಬಾಯಿಪಾಠ. ಏರುತ್ತಿದ್ದ ಗೆರೆಯ ತುತ್ತತುದಿಯಲ್ಲಿದ್ದ ಚುಕ್ಕೆ ಅದು. ಅರವತ್ತೆಂಟು ವರ್ಷ, ವೃತ್ತಿ ದರ್ಜಿ, ಆರೈಕೆಗೆ ನೂರಕ್ಕೆ ನೂರು ಅಂಕ, ಹದಿನಾರನೇ ದಿನ ಸಾವು. ಅವನೊಬ್ಬನಿಗಾಗಿ ವರದಿಯಲ್ಲಿ ಎರಡು ಸಾಲು ಬರೆದಿದ್ದಳು.

“ನಾನೇ ಕಣಮ್ಮ. ಆಗ್ಲಿಂದ ಇಲ್ಲೇ ಕಂಬದ ಹಾಗೆ ನಿಂತಿದೀನಿ, ಕಣ್ಣಿಗೆ ಕಾಣ್ಸಲ್ವಾ?”

ಸತ್ತವನು ಸಾಲಿನಲ್ಲಿ ನಿಂತು ಜಗಳವಾಡುತ್ತಿದ್ದ. ಒಣಕಲು ದೇಹ, ಕಿವಿಯ ಮೇಲೆ ಸಿಕ್ಕಿಸಿದ ಸೀಮೆಸುಣ್ಣದ ಚೂರು, ಅಂಗಿ ಮಾತ್ರ ಅಳತೆಗೆ ಹೊಲಿದದ್ದು. ಸರಾಸರಿ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಹಿಡಿದಾಗ ಬೆಚ್ಚಗಿತ್ತು.

“ನೀವು ಏಳನೇ ವಾರ್ಡಲ್ಲಿದ್ರಾ?”

“ಇದ್ದೆ ತಾಯಿ, ಹದಿನಾರು ದಿನ. ನಾನು ಹೋಗೇಬಿಟ್ಟೆ ಅಂತ ನನ್ನ ಹೆಂಡ್ತಿ ನೆಂಟರಿಗೆಲ್ಲ ಹೇಳಿ ಮುಗಿಸಿದ್ಲು. ಯಾಕೆ?”

“ಅಲ್ಲಿಂದ ಹೊರಟ ದಿನ ಏನಾಯ್ತು? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ.”

ದರ್ಜಿಗೆ ಕೇಳುವವರು ಸಿಕ್ಕಿದ್ದೇ ಸಾಕಾಯಿತು. “ಏನಾಯ್ತು ಅಂದ್ರೆ, ಬೈಸ್ಕೊಂಡೆ. ಎಲ್ಲಿಂದ ಹೊರಟ್ರೂ ‘ಬರ್ತೀನಿ’ ಅನ್ನೋದು ನಮ್ಮ ಬಾಯಿಗೆ ಅಭ್ಯಾಸ ಅಲ್ವಾ? ಹೆಡ್ ಸಿಸ್ಟರಿಗೂ ಕೈಮುಗಿದು ‘ಬರ್ತೀನಮ್ಮ’ ಅಂದ್ಬಿಟ್ಟೆ. ಅವರು ನೋಡಿದ ನೋಟ! ‘ಇಲ್ಲಿಗೆ ಯಾಕ್ರೀ ಬರ್ತೀರಾ? ಹೋಗ್ತೀನಿ ಅನ್ನಿ’ ಅಂದ್ರು. ಅನ್ನಿಸದೆ ಬಿಡ್ಲಿಲ್ಲ. ಆಮೇಲೆ ದೊಡ್ಡ ಪುಸ್ತಕ ನನ್ನ ಕಡೆ ತಿರುಗಿಸಿ, ನನ್ನ ಹೆಸರ ಮುಂದೆ ‘ಹೋದರು’ ಅಂತ ಬರೆದು ತೋರ್ಸಿದ್ರು. ಎಲ್ಲರಿಗೂ ಹಾಗೆ ಬರೆಯಲ್ವಂತೆ. ಇನ್ನು ಉಳಿಯಲ್ಲ ಅಂತ ಡಾಕ್ಟ್ರೇ ಕೈಬಿಟ್ಟು, ಕೊನೆಗೆ ತಮ್ಮ ಕಾಲ ಮೇಲೆ ತಾವು ನಡ್ಕೊಂಡು ಹೋಗ್ತಾರಲ್ಲ, ಅಂಥೋರಿಗೆ ಮಾತ್ರ.”

ವರದಿಯ ಪ್ರತಿಗಳು ಸರಾಸರಿಯ ಕೈಯಿಂದ ಜಾರಿ ನೆಲದ ತುಂಬ ಹರಡಿಕೊಂಡವು. ದರ್ಜಿಯೇ ಬಗ್ಗಿ ಆರಿಸಿಕೊಟ್ಟ.

ಉಳಿದ ಏಳು ವಾರ್ಡುಗಳಲ್ಲಿ ರೋಗಿ ಹೊರಟ ಮೇಲೆ ಪುಸ್ತಕದಲ್ಲಿ ‘ಬಿಡುಗಡೆ’ ಅಥವಾ ‘ಮರಣ’ ಎಂಬ ಮೊಹರು ಒತ್ತುತ್ತಿದ್ದರು. ಏಳನೇ ವಾರ್ಡಿನ ಮೊಹರು ಬಹಳ ಹಿಂದೆಯೇ ಎಲ್ಲೋ ಕಳೆದುಹೋಗಿ, ಅಕ್ಕ ಕೈಯಲ್ಲೇ ಬರೆಯುತ್ತಿದ್ದಳು. ಆ ಪದಗಳನ್ನು ಇದ್ದ ಹಾಗೇ ಕಂಪ್ಯೂಟರಿಗೆ ಹಾಕುತ್ತಿದ್ದರು. ಯಾವ ಪದಕ್ಕೆ ಬದುಕು, ಯಾವ ಪದಕ್ಕೆ ಸಾವು ಎಂಬ ಚಿಕ್ಕ ಪಟ್ಟಿ ಮಾಡಿದವಳು ಸರಾಸರಿ. ಬಿಡುಗಡೆ, ಡಿಸ್ಚಾರ್ಜ್, ಮನೆಗೆ: ಇವು ಬದುಕು. ಮರಣ, ನಿಧನ, ತೀರಿಕೊಂಡರು, ಹೋದರು: ಇವು ಸಾವು. ಎರಡು ನಿಮಿಷದ ಕೆಲಸ. ಕೊನೆಯ ಪದವನ್ನು ಬರೆಯುವಾಗ ಅವಳ ಕೈ ಒಂದು ಕ್ಷಣವೂ ತಡೆದಿರಲಿಲ್ಲ.

ಹತ್ತು ಗಂಟೆಗೆ ಅವಳು ದಾಖಲೆ ಕೋಣೆಯಲ್ಲಿದ್ದಳು. ಪಕ್ಕದಲ್ಲಿ ಫೋನಪ್ಪ. ಮೂವತ್ತನೇ ದಿನ ರೋಗಿಗಳ ಮನೆಗೆ ಫೋನ್ ಮಾಡಿ ಹೇಗಿದ್ದಾರೆ ಎಂದು ವಿಚಾರಿಸುವುದು ಈ ಗುಮಾಸ್ತನ ಕೆಲಸ. ಆ ಕೆಲಸದಲ್ಲೇ ತಲೆ ನರೆತಿತ್ತು. ಅಕ್ಕನ ದೊಡ್ಡ ಪುಸ್ತಕ ತೆರೆದರೆ ಅಲ್ಲಿ ಎಲ್ಲ ಕಣ್ಣಿಗೆ ಹೊಡೆಯುವ ಹಾಗಿತ್ತು. ಸತ್ತವರ ಮುಂದೆ ಸಣ್ಣ ಅಕ್ಷರದಲ್ಲಿ ‘ತೀರಿಕೊಂಡರು’, ಪಕ್ಕದಲ್ಲಿ ಗಂಟೆ, ನಿಮಿಷ. ಮಾಮೂಲಿಯಾಗಿ ಗುಣವಾದವರಿಗೆ ‘ಬಿಡುಗಡೆ’. ನಡುನಡುವೆ, ಎರಡು ಸಾಲಿನ ಜಾಗ ಹಿಡಿದು, ದೊಡ್ಡದಾಗಿ ‘ಹೋದರು’. ವರ್ಷಕ್ಕೆ ಒಟ್ಟು ಮೂವತ್ತೆಂಟು.

“ಈ ಮೂವತ್ತೆಂಟರಲ್ಲಿ ಒಬ್ಬರಿಗಾದ್ರೂ ಫೋನ್ ಮಾಡಿದ್ರಾ?”

ಫೋನಪ್ಪ ಅವಳನ್ನು ವಿಚಿತ್ರವಾಗಿ ನೋಡಿದ. “ನೀವು ಕೊಟ್ಟ ಪಟ್ಟೀಲಿ ಸತ್ತಿದ್ದಾರೆ ಅಂತಿತ್ತು ಮೇಡಂ. ಸತ್ತೋರಿಗೆ ಯಾರು ಫೋನ್ ಮಾಡ್ತಾರೆ?”

ಮಾತು ನ್ಯಾಯವೇ. ಅವಳಿಗೆ ಇನ್ನೊಂದು ಸಂಗತಿಯೂ ನೆನಪಾಯಿತು. ಶವಾಗಾರದ ಪುಸ್ತಕದಲ್ಲಿ ಏಳನೇ ವಾರ್ಡಿನ ಲೆಕ್ಕ ತೀರ ಕಡಿಮೆ ಬಂದಿತ್ತು. ಅದನ್ನು ಕಂಡೂ, ಮನೆಯವರು ದೇಹವನ್ನು ವಾರ್ಡಿನಿಂದಲೇ ನೇರ ಒಯ್ದಿರಬೇಕು ಎಂದು ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಹಾಕಿ ಮುಂದೆ ಹೋಗಿದ್ದಳು. ಈಗ ಗೆರೆ ಯಾಕೆ ಹತ್ತಿತು ಎಂಬುದೂ ಹೊಳೆಯಿತು. ಸಾವಿನ ಬಾಯಿಗೆ ಬಿದ್ದವರನ್ನೇ ಅಕ್ಕನ ವಾರ್ಡಿನವರು ಹೆಚ್ಚು ನೋಡಿಕೊಂಡಿದ್ದರು. ಹೆಚ್ಚು ನೋಡಿಕೊಂಡಿದ್ದರಿಂದಲೇ ಅವರು ಎದ್ದು ನಡೆದಿದ್ದರು. ನಡೆದು ಹೋದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೊಂದವಳು ಸರಾಸರಿ. ಬಂದಾಗಲೇ ಅಷ್ಟು ಕಾಯಿಲೆ ಇದ್ದವರು ಸತ್ತರೆ ಯಾರಿಗೂ ಅನುಮಾನ ಬರುವುದಿಲ್ಲ, ಅವಳಿಗೂ ಬಂದಿರಲಿಲ್ಲ.

“ಈಗ ಮಾಡೋಣ,” ಅಂದಳು. “ಮೂವತ್ತೆಂಟೂ. ಅರ್ಧ ನೀವು, ಅರ್ಧ ನಾನು.”

“ಏನಂತ ಕೇಳ್ಲಿ ಮೇಡಂ? ಬದುಕಿದ್ದೀರಾ ಅಂತ್ಲಾ?”

“ಹೇಗಿದ್ದೀರಿ ಅಂತ ಕೇಳಿ. ಅವರೇ ಉತ್ತರ ಕೊಟ್ರೆ ಬದುಕಿದ್ದಾರೆ ಅಂತ.”

ನಾಲ್ಕು ಗಂಟೆಗೂ ಹೆಚ್ಚು ಕಾಲ ಇಬ್ಬರೂ ಆ ಇಕ್ಕಟ್ಟಿನ ಕೋಣೆಯಲ್ಲಿ ಫೋನ್ ಹಿಡಿದು ಕುಳಿತರು. ನೀರು ಕುಡಿಯುವುದಕ್ಕೂ ಏಳಲಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು, ಇಷ್ಟು ತಿಂಗಳಾದ ಮೇಲೆ ನೆನಪಾಯಿತೇ ಎಂದು ಫೋನಪ್ಪನಿಗೆ ಹತ್ತು ನಿಮಿಷ ಪಾಠ ಮಾಡಿದರು. ಒಬ್ಬ ಅಜ್ಜಿ, ಹೆಡ್ ಸಿಸ್ಟರಿಗೆ ಕೊಡು ಎಂದು ಹಟ ಹಿಡಿದಳು. ಬದುಕಿರುವ ಪ್ರತಿ ದನಿ ಕೇಳಿದಾಗಲೂ ಸರಾಸರಿ ಕಾಗದದ ಮೇಲೆ ಒಂದು ಗೀಟು ಹಾಕುತ್ತಿದ್ದಳು. ಮೂರು ಮನೆಗಳಲ್ಲಿ ಉತ್ತರ ಬೇರೆ ಬಂತು. ಮನೆಗೆ ಹೋಗಿ ತಿಂಗಳೊಳಗೆ ತೀರಿಕೊಂಡಿದ್ದರು. ಅವರಲ್ಲಿ ಒಬ್ಬರ ಮಗಳು, ವಿಚಾರಿಸಿದ್ದಕ್ಕೆ ಉಪಕಾರವಾಯಿತು ಅಂದಳು. ಸರಾಸರಿ ದಿನಾಂಕ ಬರೆದುಕೊಂಡಳು.

ಎರಡೂ ಮುಕ್ಕಾಲಿಗೆ ಲೆಕ್ಕ ಹೀಗಿತ್ತು: ಬದುಕಿರುವವರು ಇಪ್ಪತ್ತೆಂಟು. ಸತ್ತವರು ಮೂರು. ಫೋನ್ ಎತ್ತದವರು ಏಳು.

ಸಭೆಯ ಕೋಣೆಯ ಹೊರಗೆ ಉದ್ದನೆಯ ಬೆಂಚು. ಅದರ ತುದಿಯಲ್ಲಿ, ಸಮವಸ್ತ್ರದಲ್ಲಿ, ಬೆನ್ನು ನೆಟ್ಟಗೆ ಮಾಡಿ ಅಕ್ಕ ಕುಳಿತಿದ್ದಳು. ಅರ್ಧ ಗಂಟೆಯ ಹಿಂದೆ ಕರೆ ಹೋಗಿತ್ತಂತೆ, ಜೊತೆಗೆ ನಿರ್ದೇಶಕರ ಹತ್ತಿರ ಮೊದಲೇ ಇದ್ದ ವರದಿಯ ಮೊದಲ ಪುಟವನ್ನೂ ಕೈಗೆ ಕೊಟ್ಟಿದ್ದರು. ಪುಟದ ಕೊನೆಯಲ್ಲಿ ಬರೆದವಳ ಸಹಿ ಇತ್ತು. ಸರಾಸರಿಯನ್ನು ಕಂಡು ಅಕ್ಕ ಎದ್ದಳು.

“ಏನೇ ಇದು?”

ನೀನು ಸುಳ್ಳು ಬರೆದಿಲ್ಲ ಅಂತ ಗೊತ್ತಾಯಿತು ಅಕ್ಕ, ಎಂಬಷ್ಟು ಹೇಳಿದರೆ ಸಾಕಿತ್ತು. ಆದರೆ ಸಭೆಯ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗಿನವರಿಗೆ ಬೆಂಚು ಕಾಣುತ್ತಿತ್ತು. ಈಗ ಇಲ್ಲಿ ಒಂದು ಪಿಸುಮಾತು ಆಡಿದರೂ, ಒಳಗೆ ಹೋಗಿ ಅವಳು ಹೇಳುವುದೆಲ್ಲ ಅಕ್ಕತಂಗಿಯರು ಕೂಡಿ ಹೆಣೆದ ಕಥೆಯಾಗುತ್ತದೆ. ಸರಾಸರಿ ತಲೆ ತಗ್ಗಿಸಿ ಅಕ್ಕನ ಪಕ್ಕದಿಂದಲೇ ಹಾದು ಒಳಗೆ ಹೋದಳು. ಅಕ್ಕ ಮತ್ತೆ ಕುಳಿತ ಸದ್ದು ಬೆನ್ನ ಹಿಂದೆ ಕೇಳಿಸಿತು.

ಒಳಗೆ ಐದು ಜನ. ಸರಾಸರಿ ಕೂರಲಿಲ್ಲ.

“ವರದಿ ವಾಪಸ್ ತಗೋತಿದೀನಿ ಸಾರ್. ತಪ್ಪಾಗಿದೆ. ತಪ್ಪು ನಂದು.”

ಪದದ ಪಟ್ಟಿಯ ವಿಷಯ, ದರ್ಜಿಯ ವಿಷಯ, ಮೂವತ್ತೆಂಟು ಹೆಸರುಗಳ ವಿಷಯ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೋದಂತೆ ತನ್ನ ಮಾತು ತನಗೇ ಕಟ್ಟುಕಥೆಯ ಹಾಗೆ ಕೇಳಿಸತೊಡಗಿತು. ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೂರು ವಾರ ಈ ಲೆಕ್ಕ ಸರಿ ಇತ್ತು. ನಿಮ್ಮ ಅಕ್ಕನ್ನ ಹೊರಗಡೆ ಬೆಂಚಿನ ಮೇಲೆ ಕೂರ್ಸಿದ ಮೇಲೆ ತಪ್ಪಾಯ್ತಾ?”

“ಬೆಳಿಗ್ಗೆ ಗೊತ್ತಾಗಿದ್ದು ಸಾರ್.”

“ಹೋದರು ಅಂದ್ರೆ ಹೋದರು ಅಂತಾನೇ ಅರ್ಥ. ಆಸ್ಪತ್ರೇಲಿ ಆ ಪದ ಕೇಳಿ ಯಾರಾದ್ರೂ ಮನೆಗೆ ಹೋದ್ರು ಅಂದ್ಕೊಳ್ತಾರಾ?”

“ನಾನೂ ಹಾಗೇ ಅಂದ್ಕೊಂಡಿದ್ದು ಸಾರ್. ಅದೇ ತಪ್ಪು.” ಅವಳು ಹೊಸ ಹಾಳೆಯನ್ನು ಮುಂದಿಟ್ಟಳು. “ಮೂವತ್ತೆಂಟರಲ್ಲಿ ಇಪ್ಪತ್ತೆಂಟು ಜನ ನಮ್ಮ ಜೊತೆ ಮಾತಾಡಿದ್ರು. ಫೋನ್ ಎತ್ತದ ಏಳು ಜನಾನೂ ಸತ್ತಿದ್ದಾರೆ ಅಂತಾನೇ ಇಟ್ಕೊಳ್ಳಿ, ನಾನೂ ಹಾಗೇ ಇಟ್ಕೊಂಡಿದೀನಿ. ಆಗ್ಲೂ ಎಂಬತ್ತೈದು ಹೋಗಿ ಐವತ್ತೇಳು. ಅಂದಾಜು ಐವತ್ತೆರಡು. ಇಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದಾನೂ ಬರತ್ತೆ. ಏಳನೇ ವಾರ್ಡು ಎಲ್ಲಕ್ಕಿಂತ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಕೆಟ್ಟದ್ದು ಅನ್ನೋಕೆ ಆಧಾರ ಇಲ್ಲ, ಅಷ್ಟೇ.”

“ಆ ಇಪ್ಪತ್ತೆಂಟು ಜನಕ್ಕೆ ಫೋನ್ ಮಾಡಿದ್ದು ನೀವೇ. ಬರೆದ್ಕೊಂಡಿದ್ದೂ ನೀವೇ.” ನಿರ್ದೇಶಕರು ಹಾಳೆಯನ್ನು ಎಳೆದುಕೊಂಡು, ಬೆರಳನ್ನು ಕೆಳಗೆ ಸರಿಸಿ, ಫೋನ್ ಎತ್ತದ ಏಳು ಜನರ ಹತ್ತಿರ ನಿಲ್ಲಿಸಿದರು. “ಇವರಲ್ಲಿ ಒಬ್ಬರಿಗೆ ನಾನು ಮಾಡ್ತೀನಿ. ನನಗೆ ಬೇಕಾದವರಿಗೆ.”

ಸರಾಸರಿ ತಲೆಯಾಡಿಸಿದಳು. ಬೇಡ ಎನ್ನುವ ಹಾಗಿರಲಿಲ್ಲ. ಏಳು ಜನರಲ್ಲಿ ಒಬ್ಬರು ಸತ್ತಿದ್ದರೂ ಅವಳ ಲೆಕ್ಕ ಒಂದಿಷ್ಟೂ ಕದಲುವುದಿಲ್ಲ. ಆದರೆ ಈ ಕೋಣೆಯಲ್ಲಿ ಲೆಕ್ಕವನ್ನು ನಂಬುವ ಹೊತ್ತು ಮುಗಿದಿತ್ತು. ಫೋನಿನ ಆಚೆ ಅಳು ಕೇಳಿಸಿದರೆ ಅಕ್ಕನ ಕಥೆ ಅಲ್ಲಿಗೆ ಮುಗಿಯಿತು. ಆ ಏಳರಲ್ಲಿ ಎಷ್ಟು ಜನ ಸತ್ತಿರುವ ಸಂಭವವಿದೆ ಎಂದು ಅವಳ ತಲೆ ತಾನಾಗಿ ಲೆಕ್ಕ ಹಾಕಲು ಹೊರಟಿತು. ಬೇಡ ಎಂದರೂ ನಿಲ್ಲಲಿಲ್ಲ.

ನಿರ್ದೇಶಕರು ನಾಲ್ಕನೆಯ ಹೆಸರು ಆರಿಸಿದರು. ಎಲ್ಲರಿಗೂ ಕೇಳಿಸುವಂತೆ ಫೋನನ್ನು ಮೇಜಿನ ನಡುವೆ ಇಟ್ಟರು. ಗಂಟೆ ಹೊಡೆಯಿತು, ಹೊಡೆಯಿತು, ಹೊಡೆಯುತ್ತಲೇ ಇತ್ತು. ಕೊನೆಗೆ ಒಂದು ಹೆಣ್ಣುದನಿ ಏದುಸಿರಿನಲ್ಲಿ ಯಾರು ಎಂದಿತು.

ನಿರ್ದೇಶಕರು ಆಸ್ಪತ್ರೆಯ ಹೆಸರು ಹೇಳಿ, ರೋಗಿಯ ಹೆಸರು ಹೇಳಿದರು. “ಅವರ ಜೊತೆ ಮಾತಾಡ್ಬಹುದಾ?”

“ಅವ್ರಾ? ಅವ್ರು ಹೋದ್ರಲ್ಲ ಸಾರ್.”

ಸರಾಸರಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಿರ್ದೇಶಕರು ಅವಳತ್ತ ಒಂದು ಸಲ ನೋಡಿದರು. ಆ ನೋಟದಲ್ಲಿ ಗೆದ್ದ ಖುಷಿ ಇರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು. ಅವರು ಫೋನಿನತ್ತ ಬಾಗಿ ದನಿ ತಗ್ಗಿಸಿದರು.

“ತುಂಬಾ ಬೇಜಾರಾಯ್ತಮ್ಮ. ನಮ್ಮ ಆಸ್ಪತ್ರೆ ಪರವಾಗಿ... ಯಾವಾಗ ಹೋದ್ರು?”

“ಬೆಳಿಗ್ಗೆ ಎಂಟಕ್ಕೆ ಹೋದ್ರು. ಅಂಗಡಿ ಬಾಗ್ಲು ತೆಗೀಬೇಕಲ್ಲ. ಯಾಕೆ ಸಾರ್, ಬೇಜಾರು ಯಾಕೆ? ಫೋನ್ ಇಲ್ಲೇ ಮರೆತು ಹೋಗಿದ್ದಾರೆ, ನಾನು ಬಟ್ಟೆ ಒಗೀತಿದ್ದೆ, ಆಗ್ಲಿಂದ ಬಡ್ಕೊಳ್ತಾನೇ ಇದೆ. ಬಂದ್ಮೇಲೆ ಮಾಡ್ಸಲಾ?”

ನಿರ್ದೇಶಕರ ಮುಖಕ್ಕೆ ನಿಧಾನವಾಗಿ ಕೆಂಪು ಏರಿತು. ಮೇಜಿನ ಆ ತುದಿಯಲ್ಲಿದ್ದ ವೈದ್ಯರೊಬ್ಬರು ಕೆಮ್ಮಿದ ಹಾಗೆ ಮಾಡಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು.

“ಬೇಡಮ್ಮ,” ಅಂದರು ನಿರ್ದೇಶಕರು. “ಹುಷಾರಾಗಿದ್ದಾರಲ್ಲ, ಸಾಕು.”

ಫೋನ್ ಇಟ್ಟ ಮೇಲೆ ಹಾಳೆಯನ್ನು ಮತ್ತೆ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು, ಐವತ್ತೇಳನ್ನು ಹೊಡೆದುಹಾಕಿ, ತಾವೇ ಐವತ್ತಾರು ಎಂದು ಬರೆದು, ತೀರ್ಮಾನ ಹೇಳಿದರು. ಏಳನೇ ವಾರ್ಡಿನ ಹೆಡ್ ಸಿಸ್ಟರಿನ ಮೇಲೆ ಯಾವ ಕ್ರಮವೂ ಇಲ್ಲ. ಎಂಟು ವಾರ್ಡುಗಳ ಪುಸ್ತಕವನ್ನೂ ಮತ್ತೆ ಮೊದಲಿನಿಂದ ಓದಬೇಕು, ಓದುವವಳು ಸರಾಸರಿಯಲ್ಲ, ಹೊರಗಿನವರು. ಸರಾಸರಿಯ ಮೇಲೆ ಒಂದು ವಿಚಾರಣೆ. ನಾಳೆಯಿಂದ ಎಲ್ಲ ವಾರ್ಡಿನಲ್ಲೂ ‘ಬಿಡುಗಡೆ’, ‘ಮರಣ’, ಈ ಎರಡೇ ಪದ. ಸರಾಸರಿ ಎಲ್ಲಕ್ಕೂ ಹೂಂ ಅಂದಳು. ವಿಚಾರಣೆ ಎಂಬ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

ಹೊರಗೆ ಬಂದಾಗ ಬೆಂಚು ಖಾಲಿ ಇತ್ತು. ನಾಲ್ಕು ಗಂಟೆಯ ಆಮ್ಲಜನಕ ನೋಡುವ ಹೊತ್ತಾಯಿತು ಎಂದು ಹೇಳಿ ಅಕ್ಕ ಎದ್ದು ಹೋದಳಂತೆ. ತೀರ್ಪು ಕೇಳುವುದಕ್ಕೂ ನಿಂತಿರಲಿಲ್ಲ.

ಏಳನೇ ವಾರ್ಡಿನ ಬಾಗಿಲ ಬಳಿ ಮೇಜು, ಮೇಜಿನ ಮೇಲೆ ಈ ವರ್ಷದ ದೊಡ್ಡ ಪುಸ್ತಕ. ಅಕ್ಕ ತಲೆ ಎತ್ತದೆ ಬರೆಯುತ್ತಿದ್ದಳು. ಸರಾಸರಿ ಎದುರಿಗೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮುಗಿದ ಮೇಲೂ ಅಕ್ಕ ಬರೆಯುತ್ತಲೇ ಇದ್ದಳು.

“ಮೂರು ವಾರ,” ಅಂದಳು ಕೊನೆಗೆ. “ಅದರಲ್ಲಿ ಒಂದಿನ ನನ್ನ ಮನೇಲಿ ಕೂತು ಉಂಡೆ. ನಾನು ಸುಳ್ಳು ಟಿಕ್ ಹಾಕ್ತೀನಿ ಅಂತ ನಿನಗೂ ಅನ್ನಿಸ್ತಾ?”

“ಇಲ್ಲ ಅಕ್ಕ.” ಸುಳ್ಳು ಹೇಳಲಾಗಲಿಲ್ಲ. “ಒಂದೊಂದು ಸಲ ಅನ್ನಿಸ್ತು.”

ಅಕ್ಕನ ಪೆನ್ನು ನಿಂತಿತು.

“ಮಾತಾಡ್ಬಾರ್ದು ಅಂತ ಹೇಳಿದ್ರು ಅಕ್ಕ. ಆ ಪದ... ನಾನು ಹಾಸ್ಟೆಲಲ್ಲಿದ್ದಾಗ ನೀನು ಫೋನ್ ಮಾಡಿ ಅಂದಿದ್ದು ಎರಡೇ ಮಾತು. ಅಪ್ಪ ಹೋದರು. ಆವತ್ತಿಂದ ನನಗೆ ಆ ಪದಕ್ಕೆ ಬೇರೆ ಅರ್ಥಾನೇ ಇರ್ಲಿಲ್ಲ.”

ಅಕ್ಕ ಕುರ್ಚಿಗೆ ಒರಗಿ ತಂಗಿಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅಕ್ಕನ ಕಣ್ಣು ಕೆಂಪಗಿತ್ತು, ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

“ನನಗೂ ಆ ಪದ ಅಂದ್ರೆ ಅದೇ ಫೋನೇ ಕಣೆ. ಇಲ್ಲೇ, ಇದೇ ಕಾರಿಡಾರಲ್ಲಿ ನಿಂತು ನಿನಗೆ ಅದನ್ನ ಹೇಳ್ದೆ. ಆಮೇಲೆ ಎಷ್ಟೋ ದಿನ ಆ ಮಾತು ಬಾಯಿಗೆ ಬರ್ತಿರ್ಲಿಲ್ಲ. ಒಂದಿನ ಒಬ್ಬಳು ಮುದುಕಿ, ಇವತ್ತೋ ನಾಳೆಯೋ ಅಂತಿದ್ದೋಳು, ಎದ್ದು ನಡ್ಕೊಂಡು ಹೋದ್ಲು. ಆಗ ಬರೆದೆ. ಆ ಪದಾನ ಇನ್ನು ಇಂಥವರಿಗೇ ಇಟ್ಕೊಳ್ತೀನಿ ಅಂತ ಬರೆದೆ.”

ಒಳಗಿನಿಂದ ಯಾರೋ ನೀರು ಕೇಳಿದರು, ಕಿರಿಯ ನರ್ಸೊಬ್ಬಳು ಓಡಿದಳು.

“ನಾಳೆಯಿಂದ ಬಿಡುಗಡೆ ಅಂತ್ಲೇ ಬರೀಬೇಕಂತೆ,” ಅಂದಳು ಸರಾಸರಿ.

“ಬರೀತೀನಿ. ಪುಸ್ತಕ ಅವರದು. ಬಾಯಿ ನಂದು.” ಅಕ್ಕ ಗಡಿಯಾರ ನೋಡಿ ಎದ್ದಳು. “ನಿನ್ನನ್ನ ಕೆಲಸದಿಂದ ತೆಗೀತಾರಾ?”

“ಗೊತ್ತಿಲ್ಲ.”

“ಹೂಂ.” ಆ ಹೂಂನಲ್ಲಿ ಕನಿಕರ ಇತ್ತೋ, ಆಗಲಿ ಬಿಡು ಎಂಬುದಿತ್ತೋ ಸರಾಸರಿಗೆ ತಿಳಿಯಲಿಲ್ಲ. ಮೂರು ವಾರ ಒಂದು ಮಾತಿಗೆ ತೀರುವುದಿಲ್ಲ ಎಂಬುದು ಮಾತ್ರ ತಿಳಿಯಿತು. ಅವಳು ಚೀಲ ಹೆಗಲಿಗೇರಿಸಿಕೊಂಡಳು. ಬಾಗಿಲ ಹತ್ತಿರ ಹೋಗಿ, ಅಭ್ಯಾಸದಂತೆ ತಿರುಗಿ, ಬಾಯಿ ತಪ್ಪಿ ಅಂದಳು.

“ಬರ್ತೀನಿ ಅಕ್ಕ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬಾಗಿಲ ಪಕ್ಕದ ಮಂಚದ ರೋಗಿಗಳಿಬ್ಬರು ಈಗ ಇವಳಿಗೆ ಸರಿಯಾಗಿ ಬೀಳುತ್ತದೆ ಎಂದು ಕುತೂಹಲದಿಂದ ಕತ್ತೆತ್ತಿದರು. ಅಕ್ಕ ಔಷಧದ ತಟ್ಟೆ ಹಿಡಿದು ಅಲ್ಲೇ ನಿಂತಳು. ಇಪ್ಪತ್ತಾರು ವರ್ಷ ಆ ಬಾಗಿಲಲ್ಲಿ ಆ ಮಾತಾಡಿದ ಯಾರನ್ನೂ ಅವಳು ಸುಮ್ಮನೆ ಬಿಟ್ಟವಳಲ್ಲ.

“ಬಾ,” ಅಂದಳು. “ಭಾನುವಾರ. ಇಲ್ಲಿಗಲ್ಲ, ಮನೆಗೆ.”